ಹುಳದ ಹೊಟ್ಟೆ ಕೆಡ್ಸೋದು ಹೆಂಗೆ: ಜೋಳ, ಕೋಸಿಗೆ ಬಿಟಿ ಹೊಡೆಯೋರಿಗೆ

ರೋಹಿಣಿ ಮಳೇಲಿ ಬಿತ್ತಿದ್ದ ಮುಸುಕಿನ ಜೋಳಕ್ಕೆ ಮೊದಲ್ನೇ ಸಲ ಬಿಟಿ ಪೌಡ್ರು, ಅಂದ್ರೆ ಹುಳ ಸಾಯ್ಸೋ ಬ್ಯಾಕ್ಟೀರಿಯಾದ ಪುಡಿ, ಹೊಡ್ದು ಮಾರ್ನೆ ಬೆಳಿಗ್ಗೆ ಬದುವಿನ ಮೇಲೆ ನಿಂತಿದ್ದೆ, ಪಕ್ಕದ ಹೊಲದ ಮಾವ ಬಂದ್ರು, ಒಂದು ಸುಳಿ ಬಿಡಿಸಿ ನೋಡಿದ್ರು, "ಏನ್ಲಾ ಮಗ, ಕತ್ತಲಾಗೋವರ್ಗೂ ಕ್ಯಾನ್ ಹೊತ್ಕೊಂಡು ಓಡಾಡ್ದೆ, ಹುಳ ನೋಡಿದ್ರೆ ಆರಾಮಾಗಿ ಮಲ್ಗವೆ, ಗ್ಲೂಕೋಸ್ ಕೊಟ್ಟಂಗಿದೆ ಬಿಡು" ಅಂದ್ರು. ನಂಗೂ ಮುಖ ಸಪ್ಪಗಾಯ್ತು, ದುಡ್ಡು ನೀರಲ್ಲಿ ಹೋಯ್ತಲ್ಲ ಅಂತ. ಆಮೇಲೆ ಗೊತ್ತಾಗಿದ್ದು, ಆ ಹುಳಗಳು ಬದುಕಿದ್ವು ನಿಜ, ಆದ್ರೆ ರಾತ್ರಿಯಿಂದ ಒಂದು ತುತ್ತೂ ತಿಂದಿರ್ಲಿಲ್ಲ. ನಾಲ್ಕನೇ ದಿನಕ್ಕೆ ಸುಳಿ ಬಿಡಿಸಿದ್ರೆ ಕಪ್ಪಗೆ ಸುರುಟ್ಕೊಂಡು ವಾಸ್ನೆ ಹೊಡೀತಿದ್ವು. ಮಾವ ಆವತ್ತು ಸಂಜೆ ಮನೆ ಹತ್ರ ಬಂದು ಟೀ ಕುಡ್ಕೊಂಡು ಏನೂ ಗೊತ್ತಿಲ್ದೋರ ಥರ "ಆ ಪ್ಯಾಕೆಟ್ ಹೆಸ್ರೇನೋ?" ಅಂತ ಕೇಳ್ಕೊಂಡು ಹೋದ್ರು.

ನಮ್ಮ ಹಳೇಬೀಡು ಕಡೆ ಈಗ ಎಷ್ಟೋ ಜನ ಬಿಟಿ ತಗೊಂಡು ಹೊಡೀತಾರೆ, ಅರ್ಧ ಜನ ಬೈಕೊಂಡು ಬಿಡ್ತಾರೆ. ಕಾರಣ ಒಂದೇ, ಇದನ್ನ ವಿಷ ಅನ್ಕೊಂಡು ಹೊಡೀತಾರೆ. ಇದು ವಿಷ ಹೊಡೆದಂಗಲ್ಲ ಕಣ್ರಿ, ಹುಳಕ್ಕೆ ಊಟ ಬಡ್ಸಿದಂಗೆ. ಹುಳ ಹಸಿದಿರ್ಬೇಕು, ಎಳೇದಿರ್ಬೇಕು, ಅದು ಉಣ್ಣೋ ಹೊತ್ತಿಗೆ ಎಲೆ ಮೇಲೆ ಇರ್ಬೇಕು. ಇಷ್ಟು ಮನಸಲ್ಲಿಟ್ಕೊಂಡ್ರೆ ಕೆಳಗೆ ಬರ್ಯೋದೆಲ್ಲ ತಾನಾಗೇ ಅರ್ಥ ಆಗುತ್ತೆ.

ಒಳಗೆ ಏನಾಗುತ್ತೆ

ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅಂತ ಪೂರ್ತಿ ಹೆಸ್ರು, ಬಾಯಿ ತಿರುಗಲ್ಲ, ಅದಕ್ಕೆ ಬಿಟಿ. ಮಣ್ಣಲ್ಲಿ ಸಹಜವಾಗಿ ಇರೋ ಬ್ಯಾಕ್ಟೀರಿಯಾನೇ. ಇದು ಬೀಜಾಣು ಕಟ್ಕೊಳ್ಳೋವಾಗ ಅದ್ರ ಪಕ್ಕದಲ್ಲೇ ಪ್ರೋಟೀನಿನ ಒಂದು ಸಣ್ಣ ಹರಳು ಕಟ್ಟುತ್ತೆ, ಕೆಲಸ ಮಾಡೋದು ಆ ಹರಳು. ನಮ್ಮ ಹೊಟ್ಟೆ ಒಳಗೆ ಆಸಿಡ್ ಇರುತ್ತೆ, ಚಿಟ್ಟೆ ಪತಂಗದ ಹುಳಗಳ ಹೊಟ್ಟೆ ಉಲ್ಟಾ, ಸುಣ್ಣದ ತಿಳಿನೀರಿನ ಥರ ಕ್ಷಾರ, ಪಿಹೆಚ್ 9, 10ರ ಹತ್ರ. ಆ ಕ್ಷಾರದಲ್ಲಿ ಹರಳು ಕರಗುತ್ತೆ, ಹುಳದ ಜೀರ್ಣರಸನೇ ಅದನ್ನ ಕತ್ತರಿಸಿ ಚುರುಕು ಮಾಡುತ್ತೆ, ಅದು ಹೋಗಿ ಕರುಳಿನ ಗೋಡೆಗೆ ಅಂಟ್ಕೊಂಡು ತೂತು ಮಾಡುತ್ತೆ. ಕೆಲವೇ ಗಂಟೆಲಿ ಕರುಳು ಸ್ತಬ್ಧ, ತಿನ್ನೋದು ಬಂದ್. ಆಮೇಲೆ ಕರುಳಲ್ಲಿರೋ ಬ್ಯಾಕ್ಟೀರಿಯಾ ಎಲ್ಲಾ ರಕ್ತಕ್ಕೆ ನುಗ್ಗಿ ಎರಡರಿಂದ ಐದು ದಿನದಲ್ಲಿ ಹುಳ ಸಾಯುತ್ತೆ. ನಮಗೆ, ದನಕ್ಕೆ, ನಾಯಿಗೆ ಆ ಥರ ಹೊಟ್ಟೆನೂ ಇಲ್ಲ, ಕರುಳಲ್ಲಿ ಅದು ಅಂಟ್ಕೊಳ್ಳೋ ಜಾಗನೂ ಇಲ್ಲ, ಹಂಗಾಗಿ ಈ ದಾರಿಲಿ ನಮಗೆ ಏನೂ ಆಗಲ್ಲ. ಜೇನು, ಜೇಡ, ಗುಲಗಂಜಿ ಹುಳ ಇವಕ್ಕೂ ಪತಂಗದ ಹುಳಕ್ಕೆ ಹೊಡೆಯೋ ಬಿಟಿ ತೊಂದ್ರೆ ಕೊಡಲ್ಲ, ನಂಗೆ ಇದ್ರಲ್ಲಿ ಇಷ್ಟ ಆಗಿದ್ದೇ ಅದು.

ಮುಟ್ಟಿದ್ರೆ ಸಾಯಲ್ಲ, ಹುಳದ ಮೈ ಮೇಲೆ ಎಷ್ಟು ಸುರಿದ್ರೂ ಸಾಯಲ್ಲ. ತಿನ್ಬೇಕು.

1. ನಿಮ್ಮ ಹುಳ ಯಾವ್ದು ಅಂತ ಮೊದ್ಲು ನೋಡಿ

ಅಂಗಡೀಲಿ ಸಿಗೋ ಬಿಟಿ ಜಾಸ್ತಿ ಕುರ್‌ಸ್ಟಾಕಿ ಅನ್ನೋ ಬಗೆ, ಅದು ಪತಂಗದ ಮರಿಹುಳಕ್ಕೆ ಮಾತ್ರ. ಕೋಸು, ಹೂಕೋಸಿನ ವಜ್ರಬೆನ್ನಿನ ಪತಂಗದ ಹಸಿರು ಹುಳಕ್ಕೆ ಚೆನ್ನಾಗಿ ಹಿಡಿಯುತ್ತೆ, ಟೊಮ್ಯಾಟೋ ಕಾಯಿಕೊರಕ ಮೊಟ್ಟೆಯಿಂದ ಆಗಷ್ಟೇ ಹೊರಗೆ ಬಂದಿದ್ರೆ ಹಿಡಿಯುತ್ತೆ, ಕಾಯೊಳಗೆ ಹೊಕ್ಕಿದ್ಮೇಲೆ ಇಲ್ಲ. ಜೋಳದ ಫಾಲ್ ಸೈನಿಕ ಹುಳಕ್ಕೆ ಎಳೇದ್ರಲ್ಲಿ ಮಾತ್ರ, ಇದನ್ನ ಮುಂದೆ ಹೇಳ್ತೀನಿ.

ಹೇನು, ಬಿಳಿನೊಣ, ಥ್ರಿಪ್ಸ್, ನುಸಿ ಇವ್ಯಾವ್ದಕ್ಕೂ ಬಿಟಿ ಹೊಡೆದು ದುಡ್ಡು ಹಾಳು ಮಾಡ್ಕೋಬೇಡಿ, ಅವು ಎಲೆ ಅಗಿಯಲ್ಲ, ಒಳಗಿನ ರಸ ಹೀರ್ತವೆ, ಎಲೆ ಮೇಲೆ ನೀವು ಬಡ್ಸಿದ ಊಟ ಅವುಗಳ ಬಾಯಿಗೇ ಹೋಗಲ್ಲ. ಚಿಕ್ಕಮಗಳೂರು, ಸಕಲೇಶಪುರ ಕಡೆಯ ಕಾಫಿಯವ್ರೂ ಕೇಳ್ತಾರೆ, ಕಾಂಡಕೊರಕಕ್ಕೆ ಬಿಟಿ ಆಗುತ್ತಾ ಅಂತ. ಆಗಲ್ಲ. ಅದು ದುಂಬಿ ಜಾತಿ, ಮೇಲಾಗಿ ಕಾಂಡದೊಳಗೆ ಕೂತಿರುತ್ತೆ. ಕಾಫಿ ಹಣ್ಣಿನ ಬೋರರ್‌ಗೆ ಬಳಸೋ ಬವೇರಿಯಾ ಅನ್ನೋದು ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರ, ಅದ್ರ ಲೆಕ್ಕನೇ ಬೇರೆ, ಅದು ಮೈಗೆ ಅಂಟಿ ಚರ್ಮ ಕೊರ್ಕೊಂಡು ಒಳಗೆ ಹೋಗುತ್ತೆ. ಕೆಲವು ಅಂಗಡಿಯವ್ರು ಟ್ರೈಕೋಡರ್ಮಾ, ಸುಡೋಮೋನಾಸ್, ಬವೇರಿಯಾ, ಬಿಟಿ ಎಲ್ಲಾನೂ "ಬಯೋ" ಅಂತ ಒಂದೇ ಶೆಲ್ಫಲ್ಲಿ ಇಟ್ಟು ಒಂದಿಲ್ಲ ಅಂದ್ರೆ ಇನ್ನೊಂದು ಕೊಟ್ಟು ಕಳಿಸ್ತಾರೆ, ಹುಷಾರು. ಟ್ರೈಕೋಡರ್ಮಾ ಬೇರು ಕೊಳೆ ರೋಗಕ್ಕೆ, ಹುಳಕ್ಕಲ್ಲ.

2. ಹೊಲದಲ್ಲಿ ನಡೀರಿ, ಎಣಿಸಿ

ಈ ಕೆಲಸಕ್ಕೆ ಎಲ್ಲರಿಗೂ ಬೇಜಾರು, ಆದ್ರೆ ಇಲ್ಲೇ ಇರೋದು ಎಲ್ಲಾ. ಫಾಲ್ ಸೈನಿಕ ಹುಳ ನಮ್ಮ ದೇಶದಲ್ಲಿ ಮೊದ್ಲು ಕಂಡಿದ್ದೇ 2018ರ ಮೇ ತಿಂಗಳಲ್ಲಿ ಪಕ್ಕದ ಶಿವಮೊಗ್ಗದಲ್ಲಿ, ಅಲ್ಲಿಂದ ಹಾಸನಕ್ಕೆ ಎಷ್ಟು ದೂರ ಹೇಳಿ, ಆವತ್ತಿಂದ ಜೋಳ ಇಟ್ಟೋರಿಗೆ ನೆಮ್ಮದಿ ಇಲ್ಲ. ಹೆಣ್ಣು ಪತಂಗ ಎಲೆ ಮೇಲೆ ಗುಂಪಾಗಿ ಮೊಟ್ಟೆ ಇಟ್ಟು ಮೇಲೆ ಹತ್ತಿ ಥರ ಬೂದು ರೋಮ ಮುಚ್ಚುತ್ತೆ, ಒಂದು ಗುಂಪಲ್ಲಿ ನೂರು ಇನ್ನೂರು ಇರುತ್ತೆ, ಎರಡು ಮೂರು ದಿನಕ್ಕೆ ಒಡೀತವೆ. ಮರಿಹುಳಗಳು ಎಲೆಯ ಹಸಿರು ಮಾತ್ರ ಕೆರ್ಕೊಂಡು ತಿಂದು ತೆಳ್ಳಗೆ ಪೇಪರ್ ಥರ ಪೊರೆ ಬಿಡ್ತವೆ, ಬೆಳಕಿಗೆ ಹಿಡಿದ್ರೆ ಸಣ್ಣ ಸಣ್ಣ ಕಿಟಕಿ ಇಟ್ಟಂಗೆ ಕಾಣುತ್ತೆ. ಬಿಟಿ ಹೊಡೆಯೋ ಟೈಮು ಇದೇ. ಎಲೆಲಿ ದೊಡ್ಡ ತೂತು ಬಿದ್ದು ಸುಳಿ ತುಂಬಾ ಗರಗಸದ ಹೊಟ್ಟಿನ ಥರ ಹಿಕ್ಕೆ ತುಂಬ್ಕೊಂಡಿದ್ರೆ ಟೈಮ್ ಮೀರಿದೆ ಅಂತ ಅರ್ಥ. ಈ ಹುಳ ಪೊರೆ ಕಳಚ್ತಾ ಕಳಚ್ತಾ ಆರು ಹಂತ ದಾಟುತ್ತೆ, ಬಿಟಿ ಹಿಡಿಯೋದು ಮೊದಲೆರಡು ಹಂತದಲ್ಲಿ. ಹೆಬ್ಬೆರಳ ಉದ್ದ ಆದ ಹುಳಕ್ಕೆ ಬಿಟಿ ಹೊಡೆದು "ಕಂಪನಿ ಮೋಸ" ಅಂದ್ರೆ ನ್ಯಾಯ ಅಲ್ಲ.

ಹುಳ ಅದೇನಾ ಅಂತ ಗೊತ್ತಾಗ್ಬೇಕಾದ್ರೆ ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಥರ ಬಿಳಿ ಗೆರೆ, ಬಾಲದ ಹತ್ರ ಚೌಕಾಕಾರಕ್ಕೆ ನಾಲ್ಕು ಕಪ್ಪು ಚುಕ್ಕೆ ನೋಡಿ. ತೀರಾ ಎಳೇದ್ರಲ್ಲಿ ಇದು ಸರಿಯಾಗಿ ಕಾಣಲ್ಲ, ಆಗ ಕಿಟಕಿ ಗುರ್ತೇ ಸಾಕು.

ಎಣಿಸೋದು ಹೆಂಗೆ ಅಂದ್ರೆ, ಹೊಲದ ಐದು ಕಡೆ ನಿಂತು ಒಂದೊಂದು ಕಡೆ 20 ಗಿಡ ನೋಡಿ, ಒಟ್ಟು 100 ಆಗುತ್ತೆ, ಲೆಕ್ಕ ಹಾಕೋ ತಲೆನೋವೇ ಇಲ್ಲ. ಬದು ಪಕ್ಕದ ಸಾಲೇ ನೋಡ್ಕೊಂಡು ಬರಬೇಡಿ, ಒಳಗೆ ಹೋಗಿ. ನೂರಕ್ಕೆ ಐದು ಗಿಡದಲ್ಲಿ ಹೊಸ ಕಿಟಕಿ ಕಂಡ್ರೆ ರೆಡಿ ಆಗಿ, ಹತ್ತು ಆಗೋವರ್ಗೂ ಕಾಯ್ಬೇಡಿ. ಎಕರೆಗೆ ಐದು ಲಿಂಗಾಕರ್ಷಕ ಟ್ರ್ಯಾಪ್ ನೆಟ್ರೆ ಪತಂಗ ಬೀಳೋದು ನೋಡಿ ಮೊದ್ಲೇ ಎಚ್ಚರ ಆಗ್ಬೋದು. ಮೊಟ್ಟೆ ಗುಂಪು ಕಂಡ್ರೆ ಎಲೆ ಸಮೇತ ಉಜ್ಜಿ ಹಾಕಿ, ಒಂದೇ ಉಜ್ಜಿಗೆ ನೂರು ಹುಳ ಹೋಯ್ತು, ಇದಕ್ಕಿಂತ ಅಗ್ಗದ ಔಷ್ದಿ ಯಾವ್ದಿದೆ.

ಕೋಸಲ್ಲಿ ಎಲೆ ಮಗುಚಿ ಕೆಳಗಡೆ ನೋಡ್ಬೇಕು. ವಜ್ರಬೆನ್ನಿನ ಹುಳ ಮುಟ್ಟಿದ್ರೆ ಹಿಂದಕ್ಕೆ ಹಿಂದಕ್ಕೆ ಒದ್ದಾಡ್ಕೊಂಡು ದಾರ ಬಿಟ್ಟು ಕೆಳಗೆ ಜೋತು ಬೀಳುತ್ತೆ, ಅದೇ ಗುರ್ತು.

3. ಕೊಳ್ಳೋವಾಗ

ಪ್ಯಾಕೆಟ್ ಮೇಲೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಕುರ್‌ಸ್ಟಾಕಿ ಅಂತ ಪೂರ್ತಿ ಹೆಸ್ರು, ಕೇಂದ್ರ ಕೀಟನಾಶಕ ಮಂಡಳಿಯ ರಿಜಿಸ್ಟ್ರೇಷನ್ ನಂಬರ್, ಬ್ಯಾಚ್, ತಯಾರಾದ ದಿನ, ಎಕ್ಸ್‌ಪೈರಿ ಇರ್ಲೇಬೇಕು. ಬರೀ ಎಲೆ ಚಿತ್ರ ಹಾಕಿ "ಸರ್ವಹುಳನಾಶಕ" ಅಂತ ಬರ್ದಿರೋದನ್ನ ಮುಟ್ಬೇಡಿ. ಡೈಪೆಲ್, ಡೆಲ್ಫಿನ್ ಥರ ಹಳೇ ಹೆಸರುಗಳಿವೆ, ಯಾವ್ದೇ ತಗೊಳ್ಳಿ, ದಿನಾಂಕ ಹೊಸದಿರ್ಲಿ.

ಇದು ಜೀವ ಇರೋ ಸಾಮಾನು, ಅದಕ್ಕೆ ಎಲ್ಲಿ ಇಟ್ಟಿದ್ರು ಅನ್ನೋದೂ ಮುಖ್ಯ. ನಾನೊಂದ್ಸಲ ತಂದ ಪ್ಯಾಕೆಟ್ಟು ಅಂಗಡಿ ಮುಂದಿನ ಗಾಜಿನ ಕಪಾಟಲ್ಲಿ ಬಿಸಿಲಿಗೆ ಬಿದ್ದಿತ್ತು, ಕವರ್ ಬಣ್ಣನೇ ಹೋಗಿತ್ತು, ಆದ್ರೂ ತಂದೆ, ದಡ್ಡತನ ನಂದೇ. ಹೊಡೆದು ಹತ್ತು ದಿನ ಆದ್ರೂ ಹುಳಕ್ಕೆ ಏನೂ ಆಗ್ಲಿಲ್ಲ. ಈಗ ಒಳಗಡೆ ತಂಪಾಗಿರೋ ಕಡೆಯಿಂದ ತೆಗೆದು ಕೊಡಿ ಅಂತ ಕೇಳಿ ತರ್ತೀನಿ, ಮನೆಲೂ ಪಂಪ್‌ಹೌಸಿನ ಶೀಟಿನ ಕೆಳಗೆ ಇಡಲ್ಲ, ಅಡಿಗೆಮನೆ ದಾಟಿ ಮಕ್ಕಳ ಕೈಗೆ ಎಟುಕದ ಒಣ ಜಾಗದಲ್ಲಿ ಇಡ್ತೀನಿ. ಒಡೆದ ಪ್ಯಾಕೆಟ್ ಮುಂದಿನ ವರ್ಷಕ್ಕೆ ಅಂತ ಇಟ್ಕೋಬೇಡಿ.

ಮೊಬೈಲಲ್ಲಿ ಮಜ್ಜಿಗೆ, ಬೆಲ್ಲ, ಹಿಟ್ಟು ಹಾಕಿ ಡ್ರಮ್ಮಲ್ಲಿ ಬಿಟಿ ಬೆಳ್ಸೋ ವಿಡಿಯೋ ಬರ್ತವೆ, ಅದನ್ನ ನಾನು ಒಪ್ಪಲ್ಲ. ಡ್ರಮ್ಮಲ್ಲಿ ಬೆಳ್ದಿದ್ದು ಬಿಟಿನೋ ಇನ್ಯಾವ್ದೋ ಹೊಟ್ಟೆ ಕೆಡ್ಸೋ ಬ್ಯಾಕ್ಟೀರಿಯಾನೋ ಅಂತ ನಿಮ್ಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ, ಸೊಪ್ಪು ಕೋಸಿನ ಮೇಲೆ ಅದನ್ನ ಹೊಡೆದು ಸಂತೆಗೆ ಕಳ್ಸೋದು ತಪ್ಪು. ಬಿಟಿಯ ಹತ್ತಿರದ ಸಂಬಂಧಿ ಬ್ಯಾಸಿಲಸ್ ಸೀರಿಯಸ್ ಅಂತಿದೆ, ಅನ್ನ ಹಳಸಿದಾಗ ವಾಂತಿ ಬರ್ಸೋದು ಅದೇ.

4. ಎರಡು ಡಬ್ಬಿ ಪರೀಕ್ಷೆ

ಇದು ಯಾರೂ ಮಾಡಲ್ಲ, ಎಲ್ರೂ ಮಾಡ್ಬೇಕು. ಪೂರ್ತಿ ಹೊಲಕ್ಕೆ ಹೊಡೆಯೋಕೆ ಮುಂಚೆ ಹಳೇ ಟಿಫನ್ ಡಬ್ಬಿನೋ ಪ್ಲಾಸ್ಟಿಕ್ ಡಬ್ಬಿನೋ ಎರಡು ತಗೊಳ್ಳಿ, ಮುಚ್ಚಳಕ್ಕೆ ಸೂಜಿಲಿ ತೂತು ಹೊಡೀರಿ. ಒಂದು ಲೋಟ ನೀರಿಗೆ ಪ್ರಮಾಣದಷ್ಟು ಪೌಡ್ರು ಕಲಸಿ ಒಂದು ಎಲೆ ಅದ್ದಿ ಒಣಗ್ಸಿ ಒಂದು ಡಬ್ಬಿಗೆ, ಬರೀ ನೀರಲ್ಲಿ ಅದ್ದಿದ ಎಲೆ ಇನ್ನೊಂದಕ್ಕೆ. ಎರಡಕ್ಕೂ ಹತ್ತತ್ತು ಎಳೇ ಹುಳ ಬಿಡಿ. ಜೋಳದ ಹುಳ ಒಂದನ್ನೊಂದು ತಿಂದ್ಬಿಡ್ತವೆ, ಅದಕ್ಕೆ ತೀರಾ ಸಣ್ಣವನ್ನೇ ಹಾಕಿ, ಎಲೆ ಧಾರಾಳವಾಗಿ ಇಡಿ. ಮಾರ್ನೆ ದಿನ ಸತ್ತವೆಷ್ಟು ಅಂತ ಎಣಿಸಬೇಡಿ, ಹಿಕ್ಕೆ ನೋಡಿ. ನೀರಿನ ಡಬ್ಬಿ ತಳದಲ್ಲಿ ಸಾಸಿವೆ ಚೆಲ್ಲಿದಂಗೆ ಕಪ್ಪು ಹಿಕ್ಕೆ ಬಿದ್ದಿರುತ್ತೆ, ಬಿಟಿ ಡಬ್ಬಿಲಿ ಅಲ್ಲೊಂದು ಇಲ್ಲೊಂದು. ಹಂಗಿದ್ರೆ ಪ್ಯಾಕೆಟ್ ಜೀವಂತ. ಎರಡೂ ಡಬ್ಬಿ ಒಂದೇ ಥರ ಇದ್ರೆ ಪ್ಯಾಕೆಟ್ ವಾಪಸ್ ತಗೊಂಡು ಹೋಗಿ ಜಗಳ ಮಾಡಿ, ಕೈಲಿ ಸಾಕ್ಷಿ ಇದೆ. ಮೂರನೇ ದಿನ ಸಾಯೋದೂ ಕಾಣುತ್ತೆ. ಮಕ್ಕಳಿಗೆ ತೋರ್ಸಿ, ನಮ್ಮನೇಲಿ ಹುಡುಗ ಸ್ಕೂಲಿಂದ ಬಂದವ್ನು ಬ್ಯಾಗ್ ಇಳಿಸೋಕೆ ಮುಂಚೆ ಡಬ್ಬಿ ತೆಗೀತಿದ್ದ.

5. ನೀರು, ಡ್ರಮ್ಮು

ಇಲ್ಲಿ ನಂಗೆ ಆದ ಪೆಟ್ಟು ಹೇಳ್ಬೇಕು. ಕೊಪ್ಪದಿಂದ ಭಾವ ಬರ್ತಾ ಒಂದು 200 ಲೀಟ್ರು ಡ್ರಮ್ ತಂದ್ಕೊಟ್ಟಿದ್ರು, ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷ್ದಿ) ಕಲ್ಸೋ ಡ್ರಮ್ಮು. ನಾನು ಮೇಲ್ಮೇಲೆ ಒಂದು ಬಿಂದಿಗೆ ನೀರು ಹಾಕಿ ಕುಲುಕಿ ಚೆಲ್ಲಿ ಅದರಲ್ಲೇ ಬಿಟಿ ಕಲ್ಸಿದೆ. ತಳದಲ್ಲಿ ಮೈಲುತುತ್ತ, ಸುಣ್ಣ ಗಟ್ಟಿ ಹಿಡ್ಕೊಂಡು ನೀಲಿ ಬಣ್ಣಕ್ಕೆ ಇತ್ತು, ನೋಡಿಯೂ ನೋಡ್ದಂಗೆ ಬಿಟ್ಟೆ. ಆ ಸಲ ಎಲೆಕೋಸಲ್ಲಿ ಅರ್ಧಕ್ಕರ್ಧ ಹುಳ ಉಳ್ಕೊಂಡ್ವು. ಆಮೇಲೆ ಯೋಚ್ನೆ ಮಾಡಿದ್ರೆ ತಾಮ್ರ ಇರೋದೇ ರೋಗಾಣು ಕೊಲ್ಲೋಕೆ, ಸುಣ್ಣ ಅಂದ್ರೆ ಕ್ಷಾರ. ಹುಳದ ಹೊಟ್ಟೆಲಿ ಕರಗ್ಬೇಕಾಗಿದ್ದ ಹರಳನ್ನ ಡ್ರಮ್ಮಲ್ಲೇ ಕೆಡ್ಸಿದಂಗೆ. ಬಿಟಿಗೆ ಬೋರ್ಡೋ, ತಾಮ್ರದ ಔಷ್ದಿ, ಸ್ಟ್ರೆಪ್ಟೋಸೈಕ್ಲಿನ್ ಥರ ಆಂಟಿಬಯಾಟಿಕ್ ಪುಡಿ, ಯಾವ್ದೇ ಜೋರು ಕ್ಷಾರದ್ದು ಬೆರಸ್ಬೇಡಿ. ಆಲೂಗಡ್ಡೆ ಇಟ್ಟೋರಿಗೆ ಇದು ಜಾಸ್ತಿ ಅನ್ವಯ, ಅಂಗಮಾರಿಗೆ ಅಂತ ವಾರಕ್ಕೊಂದು ಕಲ್ಸ್ತಿರ್ತೀವಿ, ಅದೇ ಬಕೆಟ್ಟು ಅದೇ ಕ್ಯಾನು. ಬಿಟಿಗೆ ಬೇರೆ ಬಕೆಟ್ ಇಡಿ, ಕಳೆನಾಶಕ ಹೊಡ್ದ ಕ್ಯಾನ್ ಅಂತೂ ಹತ್ರನೂ ತರಬೇಡಿ.

ನೀರು ಕೆರೇದೋ ಮಳೆದೋ ಆದ್ರೆ ಒಳ್ಳೇದು. ಅರಸೀಕೆರೆ, ಕಡೂರು ಕಡೆ ಬೋರ್‌ವೆಲ್ ನೀರು ಗಡಸು, ಪಾತ್ರೆಗೆ ಬಿಳಿ ಕಟ್ಟೋ ಅಂಥ ನೀರಾದ್ರೆ ಒಂದು ಪಿಹೆಚ್ ಪಟ್ಟಿ ಅದ್ದಿ ನೋಡಿ, 8ಕ್ಕಿಂತ ಮೇಲಿದ್ರೆ ಬೇರೆ ನೀರು ಹುಡ್ಕಿ.

6. ಕಲ್ಸೋದು, ಹೊಡೆಯೋದು

ಜೋಳದ ಸೈನಿಕ ಹುಳಕ್ಕೆ ಕೃಷಿ ವಿಜ್ಞಾನಿಗಳು ಹೇಳೋ ಲೆಕ್ಕ ಲೀಟ್ರಿಗೆ 2 ಗ್ರಾಂ ಪೌಡ್ರು, ಎಕರೆಗೆ 400 ಗ್ರಾಂ. ಅಂದ್ರೆ 16 ಲೀಟ್ರಿನ ಬ್ಯಾಟರಿ ಕ್ಯಾನಿಗೆ 32 ಗ್ರಾಂ. ಕೋಸಿಗೆ, ಟೊಮ್ಯಾಟೋಗೆ ನಿಮ್ಮ ಪ್ಯಾಕೆಟ್ ಮೇಲೆ ಏನಿದೆಯೋ ಅದೇ, ಒಂದೊಂದು ತಯಾರಿಕೆ ಶಕ್ತಿ ಒಂದೊಂದು ಥರ, ದ್ರವದ್ದು ಬೇರೆ ಪುಡಿದು ಬೇರೆ. ಬೆಂಕಿಪೊಟ್ಣ, ಮುಚ್ಚಳದ ಲೆಕ್ಕ ಬೇಡ, ಮಾಪು ಸ್ಪೂನೋ ಸಣ್ಣ ತಕ್ಕಡಿನೋ ಇಟ್ಕೊಳ್ಳಿ.

ಪುಡಿನ ನೇರ ಕ್ಯಾನಿಗೆ ಸುರಿದ್ರೆ ಗಂಟು ಗಂಟು. ರಾಗಿ ಅಂಬಲಿಗೆ ಹಿಟ್ಟು ಕದಡ್ತೀವಲ್ಲ, ಹಂಗೆ ಮೊದ್ಲು ಒಂದು ಚೊಂಬು ನೀರಲ್ಲಿ ನುಣ್ಣಗೆ ಕದಡಿ, ಬಟ್ಟೆಲಿ ಸೋಸಿ, ಆಮೇಲೆ ಕ್ಯಾನಿಗೆ ಹಾಕಿ. ಸೋಸ್ದೇ ಇದ್ರೆ ನಾಜಲ್ ಕಟ್ಕೊಂಡು ಕತ್ತಲಲ್ಲಿ ಪಿನ್ನು ಹುಡುಕ್ಬೇಕಾಗುತ್ತೆ. ಆಮೇಲೆ ಗಮ್ಮು. ಕೋಸಿನ ಎಲೆ ಮೇಲೆ ಮೇಣ, ನೀರು ಕೆಸುವಿನೆಲೆ ಮೇಲೆ ಉರುಳಿದಂಗೆ ಉರುಳಿ ಕೆಳಗೆ ಹೋಗುತ್ತೆ, ಅಂಟಿಗೆ ಅಂತ ಮಾರೋ ಸ್ಟಿಕ್ಕರ್ ಹಾಕ್ಲೇಬೇಕು, ಅದ್ರ ಬಾಟ್ಲಿ ಮೇಲಿನ ಪ್ರಮಾಣದಲ್ಲಿ. ಕೆಲವರು ಸ್ವಲ್ಪ ಬೆಲ್ಲದ ನೀರು ಸೇರಿಸ್ತಾರೆ, ಹುಳ ಚೆನ್ನಾಗಿ ತಿನ್ಲಿ ಅಂತ, ನಾನು ಮಾಡಿ ಬಿಟ್ಟೆ, ಇರುವೆ ಬರ್ತವೆ. ಕಲ್ಸಿದ್ದನ್ನ ಆವತ್ತೇ ಮುಗ್ಸಿ, ನಾಳೆಗೆ ಇಡ್ಬೇಡಿ, ಮಧ್ಯ ಮಧ್ಯ ಕ್ಯಾನ್ ಕುಲುಕ್ತಾ ಇರಿ, ಪುಡಿ ತಳಕ್ಕೆ ಕೂರುತ್ತೆ.

ಟೈಮು ಸಂಜೆ. ದನ ಮನೆಗೆ ಬರೋ ಹೊತ್ತು, ಐದರ ಮೇಲೆ. ಇದ್ರಲ್ಲಿ ರಾಜಿ ಇಲ್ಲ. ಬಿಸಿಲಿನ ನೇರಳಾತೀತ ಕಿರಣಕ್ಕೆ ಬಿಟಿ ಬೇಗ ಸತ್ತೋಗುತ್ತೆ, ಎಲೆ ಮೇಲೆ ಅದ್ರ ಆಯಸ್ಸು ಹೆಚ್ಚಂದ್ರೆ ಎರಡ್ಮೂರು ದಿನ. ಬೆಳಿಗ್ಗೆ ಹತ್ತಕ್ಕೆ ಹೊಡೆದ್ರೆ ಹುಳ ಊಟಕ್ಕೆ ಎದ್ದೇಳೋ ಹೊತ್ತಿಗೆ ಅರ್ಧ ಶಕ್ತಿ ಹೋಗಿರುತ್ತೆ. ಸಂಜೆ ಹೊಡೆದ್ರೆ ಇಡೀ ರಾತ್ರಿ ನಮ್ದು, ಸೈನಿಕ ಹುಳ ಹೊರಗೆ ಬಂದು ಮೇಯೋದೂ ಕತ್ತಲಲ್ಲೇ. ಕೂಲಿಯವ್ರು ಐದಕ್ಕೆ ಮನೆಗೆ ಹೊರಡೋ ಟೈಮು, ಅದಕ್ಕೇ ನಾನೇ ಹೊರೋದು, ಬೆನ್ನು ನೋವು ನಂದೇ.

ಮಳೆ ನೋಡ್ಕೊಳ್ಳಿ. ಆರಿದ್ರಾ ಮಳೆ ಜಿಟಿಜಿಟಿ ಹಿಡ್ಕೊಂಡಿರೋವಾಗ ಹೊಡೆದ್ರೆ ಹೊಳೆಲಿ ಹುಣಸೆಹಣ್ಣು ತೊಳ್ದಂಗೆ. ಮೂಡಿಗೆರೆ, ಸಕಲೇಶಪುರ ಕಡೆ ಇರೋರು ಮಳೆ ಎರಡು ದಿನ ಬಿಡುವು ಕೊಡೋವರ್ಗೂ ಕಾಯಿರಿ, ನಮ್ಮಂಥ ಬಯಲು ಕಡೆಯವ್ರಿಗೆ ಅಷ್ಟು ಕಷ್ಟ ಇಲ್ಲ.

ಜೋಳಕ್ಕೆ ಮೇಲೆ ಮಂಜು ಥರ ಹಾರಿಸ್ಬೇಡಿ, ನಾಜಲ್ಲನ್ನ ಸುಳಿಗೆ ಬಗ್ಗಿಸಿ ಒಂದೊಂದು ಸುಳಿಗೂ ಒಳಗೆ ಇಳಿಯೋ ಹಂಗೆ ಬಿಡಿ, ಹುಳ ಇರೋದು ಅಲ್ಲಿ. ಕೋಸಿಗೆ ಎಲೆಯ ತಳ ನೆನೀಬೇಕು, ನಾಜಲ್ ಕೆಳಗಿಂದ ಮೇಲಕ್ಕೆ. ಮಾಸ್ಕು, ಕನ್ನಡಕ ಹಾಕ್ಕೊಳ್ಳಿ, ವಿಷ ಅಲ್ದಿದ್ರೂ ಪುಡಿ ಕಣ್ಣಿಗೆ ಮೂಗಿಗೆ ಹೋದ್ರೆ ಉರಿಯುತ್ತೆ. ಕೋಸು ಕಿತ್ತು ಮಾರೋಕೆ ರಾಸಾಯನಿಕದಷ್ಟು ದಿನ ಕಾಯೋದು ಇರಲ್ಲ, ಆದ್ರೂ ಲೇಬಲ್ ನೋಡಿ, ಮನೆಗೆ ತಂದಿದ್ದನ್ನ ತೊಳ್ದೇ ತಿನ್ನಿ.

7. ಹೊಡೆದ ಮೇಲೆ

ಮಾರ್ನೆ ದಿನ ಹೋಗಿ ಹುಳ ಬದುಕಿದೆ ಅಂತ ಗಾಬ್ರಿ ಆಗಿ ರಾಸಾಯನಿಕ ಹೊಡ್ದು ಬಿಡೋದು ಎಲ್ಲರೂ ಮಾಡೋ ತಪ್ಪು, ಮಾವನ ಮಾತು ಕೇಳಿದ್ರೆ ನಾನೂ ಅದೇ ಮಾಡ್ತಿದ್ದೆ. ಹೊಸ ತೂತು, ಹೊಸ ಹಿಕ್ಕೆ ಇದೆಯಾ ನೋಡಿ. ಹಸಿ ಹಿಕ್ಕೆ ಇಲ್ಲ ಅಂದ್ರೆ ಕೆಲಸ ನಡೀತಿದೆ. ನಾಲ್ಕನೇ ದಿನ ಮತ್ತೆ ಐದು ಕಡೆ ನೂರು ಗಿಡ ಎಣಿಸಿ.

ಸತ್ತ ಹುಳನೇ ಏನಾಯ್ತು ಅಂತ ಹೇಳುತ್ತೆ. ಬಿಟಿಲಿ ಸತ್ತಿದ್ದು ಮೆತ್ತಗೆ ಜೋಲು ಬಿದ್ದು ಕಂದು, ಆಮೇಲೆ ಕಪ್ಪು, ಮುಟ್ಟಿದ್ರೆ ಕೊಳ್ತ ವಾಸ್ನೆ. ಗಿಡದ ತುದಿಗೆ ಹತ್ತಿ ಹಿಂಗಾಲಲ್ಲಿ ತಲೆಕೆಳಗಾಗಿ ನೇತಾಡ್ತಾ, ಮುಟ್ಟಿದ್ರೆ ಒಡೆದು ನೀರಾದ್ರೆ ಅದು ವೈರಸ್, ಎನ್‌ಪಿವಿ ಅಂತಾರೆ. ಕಡ್ಡಿ ಥರ ಸೆಟ್ಕೊಂಡು ಮೈ ಮೇಲೆ ಬಿಳಿನೋ ಹಸಿರೋ ಬೂಷ್ಟು ಹಿಡಿದಿದ್ರೆ ಶಿಲೀಂಧ್ರ. ಜಿಟಿಜಿಟಿ ಮಳೇಲಿ ಜೋಳದ ಸುಳಿಲಿ ಹಸಿರು ಬೂಷ್ಟಿನ ಹುಳ ತಾನಾಗೇ ಸಿಗ್ತವೆ, ಸಿಕ್ಕಿದ್ರೆ ಖುಷಿ ಪಡಿ, ಪುಕ್ಕಟೆ ಸಹಾಯ. ವೈರಸ್ಸು ಶಿಲೀಂಧ್ರ ಒಂದು ಹುಳದಿಂದ ಇನ್ನೊಂದಕ್ಕೆ ಅಂಟ್ಕೊಂಡು ಹೋಗ್ತವೆ, ಬಿಟಿ ಹೊಲದಲ್ಲಿ ಹಂಗೆ ಹರಡಲ್ಲ. ಅದಕ್ಕೇ ಏಳು ದಿನಕ್ಕೆ ಹೊಸ ಮರಿ ಎದ್ದಿದ್ರೆ ಮತ್ತೆ ಹೊಡೀಬೇಕು.

ಅಂತ ಹೇಳಿ ಬೆಳೆ ಪೂರ್ತಿ ಬಿಟಿ ಒಂದನ್ನೇ ಹೊಡೀತಾ ಹೋಗೋದೂ ಬೇಡ. ಹೊಲದಲ್ಲಿ ಬಿಟಿ ಸ್ಪ್ರೇಗೆ ಮೊದ್ಲು ನಿರೋಧ ಬೆಳ್ಸ್ಕೊಂಡ ಹುಳ ಯಾವ್ದು ಗೊತ್ತಾ, ಇದೇ ಕೋಸಿನ ವಜ್ರಬೆನ್ನು, ಹವಾಯಿ ದ್ವೀಪದಲ್ಲಿ, 1990ರಲ್ಲೇ ಅದು ದಾಖಲಾಗಿದೆ. ಅಲ್ಲಿ ಸತತ ಹೊಡ್ದಿದ್ರು. ಒಂದೆರಡು ಸಲ ಬಿಟಿ, ಮಧ್ಯ ಬೇವಿನ ಔಷ್ದಿ, ಕೋಸಿನ ಸಾಲುಗಳ ನಡುವೆ ಸಾಸಿವೆ ಹಾಕಿ ಪತಂಗ ಅಲ್ಲಿಗೆ ಹೋಗೋ ಹಂಗೆ ಮಾಡೋದು, ಇಂಗೆ ಬದಲಾಯಿಸ್ತಾ ಇರಿ. ಬಿಟಿ ಹತ್ತಿ ಬೇರೆ ಮಾತು, ಅದರಲ್ಲಿ ಇದೇ ಬ್ಯಾಕ್ಟೀರಿಯಾದ ಜೀನ್ ಗಿಡದೊಳಗೇ ಇರುತ್ತೆ, ನಮ್ ದೇಶದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿದ್ದು. ನಾವು ಹೊಡೆಯೋ ಪೌಡ್ರಿಗೂ ಕುಲಾಂತರಿಗೂ ಸಂಬಂಧ ಇಲ್ಲ, ಸಾವಯವದಲ್ಲೂ ಇದನ್ನ ಬಳಸ್ತಾರೆ.

ರೇಷ್ಮೆ ಇರೋರ ಪಕ್ಕ ಹೊಡೀಬೇಡಿ

ಚನ್ನರಾಯಪಟ್ಟಣ, ಹೊಳೆನರಸೀಪುರ ಕಡೆ ಓದ್ತಿರೋರು ಇದನ್ನ ಬಿಡ್ಬೇಡಿ. ಈ ಬ್ಯಾಕ್ಟೀರಿಯಾ ಪ್ರಪಂಚಕ್ಕೆ ಗೊತ್ತಾಗಿದ್ದೇ ರೇಷ್ಮೆ ಹುಳ ಸತ್ತಿದ್ರಿಂದ. 1901ರಲ್ಲಿ ಜಪಾನಿನ ಇಶಿವಾಟಾ ಅನ್ನೋರು ರೇಷ್ಮೆ ಹುಳ ಇದ್ದಕ್ಕಿದ್ದಂಗೆ ಕುಸಿದು ಸಾಯೋ ಕಾಯಿಲೆ ಹುಡುಕ್ತಾ ಇದನ್ನ ಕಂಡ್ರು. ಆಮೇಲೆ ಜರ್ಮನಿಯ ಬರ್ಲಿನರ್ ಅನ್ನೋರಿಗೆ ಹಿಟ್ಟಿನ ಪತಂಗದ ಹುಳದಲ್ಲಿ ಇದೇ ಸಿಕ್ತು, ಸಿಕ್ಕಿದ್ದು ತುರಿಂಜಿಯಾ ಪ್ರಾಂತ್ಯದ್ದು ಅಂತ 1915ರಲ್ಲಿ ಆ ಹೆಸ್ರು ಬಿತ್ತು. 1938ರಲ್ಲಿ ಫ್ರಾನ್ಸಲ್ಲಿ ಔಷ್ದಿಯಾಗಿ ಮಾರಾಟಕ್ಕೆ ಬಂತು. ಅಂದ್ರೆ ರೇಷ್ಮೆ ಸಾಕೋರ ಶತ್ರುನೇ ತರಕಾರಿ ಬೆಳೆಯೋರ ನೆಂಟ. ಸಪ್ಪೆ ರೋಗ ಅಂತೀವಲ್ಲ, ಹುಳ ಸಪ್ಪಗಾಗಿ ಮೆತ್ತಗಾಗಿ ಸಾಯೋದು, ಬ್ಯಾಕ್ಟೀರಿಯಾದಿಂದ ಬರೋ ಅದರ ಬಗೆಗಳಲ್ಲಿ ಬಿಟಿದೂ ಒಂದು. ನಿಮ್ಮ ಜೋಳದ ಪಕ್ಕ ಯಾರದ್ದಾದ್ರೂ ಹಿಪ್ಪುನೇರಳೆ ತೋಟ ಇದ್ರೆ ಗಾಳಿ ಆ ಕಡೆ ಬೀಸೋವಾಗ ಹೊಡೀಬೇಡಿ, ಸಾಧ್ಯ ಆದ್ರೆ ಆ ಅಂಚಲ್ಲಿ ಹೊಡೀಲೇಬೇಡಿ, ಮೊದ್ಲೇ ಹೋಗಿ ಹೇಳಿ. ಸ್ಪ್ರೇ ಮಾಡಿದ ಬಟ್ಟೆಲಿ ಹುಳದ ಮನೆಗೆ ಹೋಗ್ಬೇಡಿ, ಆ ಕ್ಯಾನು ಸೊಪ್ಪಿನ ತೋಟಕ್ಕೆ ಬೇಡ. ಒಂದು ಚಾಕಿ (ಎಳೇ ರೇಷ್ಮೆ ಹುಳದ ತಂಡ) ಹೋದ್ರೆ ಬರೋ ಜಗಳ ತಲೆಮಾರು ನಡಿಯುತ್ತೆ.

ಸೊಳ್ಳೆಗೆ ಬೇರೆ ಬಿಟಿ

ಮನೆ ಹತ್ರ ತೊಟ್ಟಿ, ಡ್ರಮ್ಮಲ್ಲಿ ಸೊಳ್ಳೆ ಮರಿ ಆಡ್ತಿದ್ರೆ ಜೋಳಕ್ಕೆ ತಂದ ಪುಡಿ ಹಾಕಿ ಉಪಯೋಗ ಇಲ್ಲ. ಅದಕ್ಕೆ ಇಸ್ರೇಲೆನ್ಸಿಸ್ ಅನ್ನೋ ಬಗೆ, 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಲಿ ಸಿಕ್ಕಿದ್ದು, ಬಿಟಿಐ ಅಂತ ಮಾರ್ತಾರೆ, ಅದು ಸೊಳ್ಳೆ ಮರಿಗೆ. ಡ್ರಮ್ ವಾರಕ್ಕೊಂದ್ಸಲ ಖಾಲಿ ಮಾಡಿ ಉಜ್ಜೋಕೆ ಆಗೋ ಹಂಗಿದ್ರೆ ಅದೂ ಬೇಡ.

ಅಡಿಕೆ ಬೇರುಹುಳಕ್ಕೆ ಬ್ಯಾಕ್ಟೀರಿಯಾ ಹೊತ್ತ ಜಂತು

ಕೊಪ್ಪ, ಶೃಂಗೇರಿ ಕಡೆಯವ್ರಿಗೆ ಕೊನೇಲಿ ಒಂದು. ಅಡಿಕೆ ಬೇರು ತಿನ್ನೋ ಬಿಳಿ ಗೊಣ್ಣೆಹುಳಕ್ಕೆ ಕುರ್‌ಸ್ಟಾಕಿ ನಡಿಯಲ್ಲ, ಅದು ದುಂಬಿ ಮರಿ, ಮಣ್ಣೊಳಗೆ ಇರೋದು. ಅಲ್ಲಿ ನಡಿಯೋದು ಇನ್ನೊಂದು ಮಜವಾದ ಜೋಡಿ. ಹೆಟೆರೋರಾಬ್ಡೈಟಿಸ್ ಅನ್ನೋ ಕಣ್ಣಿಗೆ ಕಾಣದಷ್ಟು ಸಣ್ಣ ಜಂತು, ಅದ್ರ ಹೊಟ್ಟೆಲಿ ಫೋಟೋರಾಬ್ಡಸ್ ಅನ್ನೋ ಬ್ಯಾಕ್ಟೀರಿಯಾ ಸಾಕ್ಕೊಂಡಿರುತ್ತೆ. ಜಂತು ಮಣ್ಣಲ್ಲಿ ಹುಳ ಹುಡುಕ್ಕೊಂಡು ಒಳಗೆ ಹೊಕ್ಕು ಬ್ಯಾಕ್ಟೀರಿಯಾನ ಉಗಿಯುತ್ತೆ, ಅದು ಹುಳನ ಕೊಂದು ಹಾಕುತ್ತೆ, ಆಮೇಲೆ ಆ ಹೆಣದಲ್ಲೇ ಜಂತುಗಳು ಸಂಸಾರ ಮಾಡ್ತವೆ. ಇಲ್ಲಿ ಬಿಟಿ ಥರ ಹುಳ ತಿನ್ಲಿ ಅಂತ ಕಾಯೋದೇ ಇಲ್ಲ, ಊಟನೇ ಎದ್ದು ಹುಳದ ಮನೆಗೆ ಹೋದಂಗೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವ್ರು ಇದನ್ನ ಪುಡಿ ರೂಪದಲ್ಲಿ ಮಾಡೋ ವಿಧಾನ ಕೊಟ್ಟಿದ್ದಾರೆ. ಎಲ್ಲಿ ಸಿಗುತ್ತೆ, ಗಿಡಕ್ಕೆ ಎಷ್ಟು ಅನ್ನೋದನ್ನ ಚಿಕ್ಕಮಗಳೂರಿನವ್ರು ಮೂಡಿಗೆರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಹಾಸನದವ್ರು ಕಂದಲಿ ಕೇಂದ್ರದಲ್ಲಿ ಕೇಳಿ.

ಹಾಕೋವಾಗ ಮಣ್ಣು ಹಸಿ ಇರ್ಬೇಕು, ಒಣ ಮಣ್ಣಲ್ಲಿ ಜಂತು ಈಜಲ್ಲ. ಮುಂಗಾರು ಹಿಡಿದು ಹುಳ ಇನ್ನೂ ಸಣ್ಣದಿರೋವಾಗ, ಸಂಜೆ, ಬುಡದ ಸುತ್ತ ಮಣ್ಣು ಸ್ವಲ್ಪ ಸಡಿಲ ಮಾಡಿ ನೀರಲ್ಲಿ ಕದಡಿ ಸುರೀರಿ, ಮೇಲೆ ಸೊಪ್ಪು ಮುಚ್ಚಿ. ಆ ವಾರ ಬುಡಕ್ಕೆ ಬೇರೆ ಕೀಟನಾಶಕ ಹಾಕ್ಬೇಡಿ. ವಾರ ಕಳೆದ ಮೇಲೆ ಒಂದು ಬುಡ ಕೆದಕಿ ನೋಡಿ, ಬೆಳ್ಳಗಿರ್ಬೇಕಾದ ಹುಳ ಇಟ್ಟಿಗೆ ಬಣ್ಣಕ್ಕೆ ತಿರುಗಿ ಸತ್ತಿರುತ್ತೆ, ಅಷ್ಟಾದ್ರೂ ಕೊಳ್ತ ವಾಸ್ನೆ ಇರಲ್ಲ. ಪೂರ್ತಿ ಕತ್ತಲೆ ಕೋಣೆಲಿ ಹೊಸದಾಗಿ ಸತ್ತಿದ್ದನ್ನ ಇಟ್ಕೊಂಡು ಕಣ್ಣು ಹೊಂದ್ಕೊಳ್ಳೋವರ್ಗೂ ಕಾದ್ರೆ ಮಸುಕಾಗಿ ಬೆಳಕು ಬಿಡುತ್ತೆ, ಆ ಬ್ಯಾಕ್ಟೀರಿಯಾಕ್ಕೆ ಮಿಣುಕೋ ಗುಣ ಇದೆ. ಭಾವನ ಮನೇಲಿ ಇದನ್ನ ನೋಡೋಕೆ ಅಂತ ಕರೆಂಟ್ ಹೋದ ಒಂದು ರಾತ್ರಿ ಎಲ್ರೂ ಅಟ್ಟದ ಮೇಲೆ ಕೂತಿದ್ವಿ, ಅತ್ತೆ ಮಾತ್ರ "ಥೂ, ಸತ್ತ ಹುಳ ಮನೆಯೊಳಗೆ ತರ್ತೀರಾ" ಅಂತ ಬೈತಾನೇ ಬಂದು ನೋಡಿದ್ರು. ನೋಡಿ ಆದ್ಮೇಲೆ ಆ ಹುಳ ಎಸೀಬೇಡಿ, ತಗೊಂಡು ಹೋಗಿ ಇನ್ನೊಂದು ಅಡಿಕೆ ಬುಡದಲ್ಲಿ ಹೂತು ಬಿಡಿ, ಅದ್ರೊಳಗಿಂದ ಇನ್ನೂ ಸಾವಿರಗಟ್ಲೆ ಜಂತು ಹೊರಗೆ ಬರೋದಿದೆ.